ಧಾರಾವಾಹಿ ೪, ಆಕಾಶದ್ದು

ಬಾಗಿಲ ಪಕ್ಕದ ಕೊಕ್ಕೆಗೆ ಕಾರಿನ ಕೀಲಿ ಹಾಕುವಾಗಲೆಲ್ಲ ಒಂದು ಬಿಲ್ಲೆ ಕೈಗೆ ತಾಗುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಚೀಲದೊಳಗೆ ಒಂದು ರಟ್ಟು, ಕೊರಳಿಗೆ ಹಾಕಿಕೊಳ್ಳಲು ನೇರಳೆ ಬಣ್ಣದ ಪಟ್ಟಿ. ರಟ್ಟಿನ ಮೇಲೊಂದು ರಾಕೆಟ್ಟಿನ ಚಿತ್ರ, ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಸಪ್ಪ’. ನಾನು ಬಸಪ್ಪ ಅಲ್ಲ, ವಿಜಯಾ. ಬಸಪ್ಪ ನಮ್ಮ ಅಪ್ಪ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ರಾಕೆಟ್ಟಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ತಪ್ಪು ನನ್ನದೇ. ಟೊರೊಂಟೊ ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ವರ್ಷಕ್ಕೊಮ್ಮೆ, ಶುಕ್ರವಾರದಿಂದ ಭಾನುವಾರದವರೆಗೆ, ವೈಜ್ಞಾನಿಕ ಕಥೆಗಳ ಹುಚ್ಚಿರುವವರೆಲ್ಲ ಸೇರುತ್ತಾರೆ. ಅದಕ್ಕೆ ಹೆಸರು ಕೊಡುವ ಫಾರಂನಲ್ಲಿ ‘ಬಿಲ್ಲೆಯ ಮೇಲೆ ಏನೆಂದು ಬರೆಯಬೇಕು’ ಎಂಬ ಒಂದು ಖಾನೆ ಇತ್ತು. ಉಳಿದವರು ಅಲ್ಲಿ ಮನಸ್ಸಿಗೆ ಬಂದ ಹೆಸರು ಬರೆಯುತ್ತಾರಂತೆ. ‘ಮಂಗಳನ ಗುಮಾಸ್ತ’ ಎಂಬ ಬಿಲ್ಲೆ ಹಾಕಿಕೊಂಡವರೊಬ್ಬರು ನನ್ನ ಜೊತೆಗೇ ಲಿಫ್ಟಿನಲ್ಲಿ ಬಂದರು. ನಾನು ಯಾವ ಫಾರಂ ಕಂಡರೂ ಪಾಸ್‌ಪೋರ್ಟ್ ಹುಡುಕುವ ಪೈಕಿ. ಅದರಲ್ಲಿದ್ದ ಹಾಗೆಯೇ, ಒಂದಕ್ಷರ ಆಚೀಚೆಯಾಗದಂತೆ, ‘ಬಸಪ್ಪ ಹೊಸಮನಿ ವಿಜಯಾ’ ಎಂದು ತುಂಬಿದ್ದೆ. ಅವರು ಮೊದಲನೆಯದನ್ನಷ್ಟೇ ಅಚ್ಚು ಹಾಕಿದರು. ನಾನಲ್ಲಿದ್ದ ಎರಡು ದಿನ ಹಸಿರು ಮುಖದವರು, ಬಾಲ ಇದ್ದವರು, ತಲೆಗೆ ಮೀನಿನ ಬುಟ್ಟಿಯಂಥದ್ದೇನನ್ನೋ ಹಾಕಿಕೊಂಡವರು, ಎಲ್ಲರೂ “ಹಾಯ್ ಬಸಪ್ಪ” ಎಂದರು. ನಾನು ಎಂದೂ ಬಾಯಿಬಿಟ್ಟು ಕರೆಯದ ಹೆಸರು ಅದು. ಅವ್ವನಂತೂ ಜನಗಣತಿಯವರು ಬಂದಾಗ ಸೆರಗು ಸರಿಮಾಡಿಕೊಂಡು, “ಏ ವಿಜಿ, ನಿಮ್ಮಪ್ಪನ ಹೆಸರ ಹೇಳವಾ ಅವರಿಗೆ” ಎಂದು ನನ್ನನ್ನು ಮುಂದೆ ನೂಕುತ್ತಿದ್ದಳು.

ನೂಕುತ್ತಿದ್ದಳೇ? ಒಂದು ಸಲ ನೂಕಿದ್ದಿರಬಹುದು. ಅಥವಾ ನೂಕಿದ್ದು ಪಕ್ಕದ ಮನೆಯವರನ್ನೇನೋ. ನಾನು ಡೈರಿ ಬರೆಯಲು ಶುರುಮಾಡಿದ್ದೇ ಇಂಥ ಅನುಮಾನಗಳಿಂದ. ಆದರೆ ಶುರುಮಾಡಿದ್ದು ಮದುವೆಯಾಗಿ ಟೊರೊಂಟೊ ಪಕ್ಕದ ವಿಟ್ಬಿ ಊರಿಗೆ ಬಂದ ಮೇಲೆ. ಅದಕ್ಕಿಂತ ಹಿಂದಿನದಕ್ಕೆಲ್ಲ ನನ್ನ ಹತ್ತಿರ ಆಧಾರವಿಲ್ಲ.

ಆಧಾರ ಎಂಬ ಮಾತೇ ಆ ವಾರವಿಡೀ ನನ್ನ ಬೆನ್ನು ಬಿಡಲಿಲ್ಲ.

ನನ್ನ ಮಗಳು ಇಂಚರಾ ಕಾಲೇಜಿನ ದಿನಗಳಿಂದಲೂ ಈ ಸಮ್ಮೇಳನಕ್ಕೆ ಹೋಗುವವಳು. ನಾನು ಅವಳನ್ನು ಹೋಟೆಲಿನ ಬಾಗಿಲಲ್ಲಿ ಇಳಿಸಿ, ಒಳಗೆ ಹೋಗುವವರ ವೇಷ ನೋಡಿ ಬೆದರಿ, ಹಾಗೇ ವಾಪಸಾಗುತ್ತಿದ್ದೆ. ಈ ಸಲ ಮಾತ್ರ ಒಳಗೆ ಹೋಗಲೇಬೇಕಾಯಿತು. ಶನಿವಾರ ಸಂಜೆ ಅಲ್ಲೊಂದು ವೇಷಭೂಷಣ ಸ್ಪರ್ಧೆ ನಡೆಯುತ್ತದೆ. ಬಹಳ ಗಂಭೀರವಾದದ್ದು. ಜನ ತಿಂಗಳುಗಟ್ಟಲೆ ಹೊಲಿಯುತ್ತಾರೆ. ಇಂಚರಾ ಈ ಸಲ ನೀರಿನ ನೀಲವ್ವ ಆಗುವವಳಿದ್ದಳು.

ನೀಲವ್ವ ಯಾರೆಂದು ಹೇಳಬೇಕು. ನಾನು ಚಿಕ್ಕವಳಿದ್ದಾಗ ವಾರಪತ್ರಿಕೆಯೊಂದರಲ್ಲಿ ಬಂದ ಧಾರಾವಾಹಿಯ ಹೆಂಗಸು. ಇಪ್ಪತ್ತು ವರ್ಷದ ದಾರಿಯ ದೂರದ ಗ್ರಹಕ್ಕೆ ಹೊರಟ ಆಕಾಶನೌಕೆಯಲ್ಲಿ ನೀರು ಕಾಯುವುದು ಅವಳ ಕೆಲಸ. ದೊಡ್ಡ ದೊಡ್ಡ ವಿಜ್ಞಾನಿಗಳ ಹತ್ತಿರ ಮೀಟರುಗಳಿರುತ್ತವೆ. ನೀಲವ್ವನ ಹತ್ತಿರ ಇರುವುದು ಕೈಯ ಬಳೆ. ಬಳೆಯಿಂದ ಟ್ಯಾಂಕಿಗೆ ಬಡಿದು, ಕಿವಿಗೊಟ್ಟು ಕೇಳಿ, ಇನ್ನೆಷ್ಟು ದಿನದ ನೀರಿದೆ ಎಂದು ಹೇಳುತ್ತಾಳೆ. ಒಂದು ದಿನ ಮೀಟರುಗಳೆಲ್ಲ ‘ತುಂಬಿದೆ’ ಎನ್ನುತ್ತವೆ, ನೀಲವ್ವ ಮಾತ್ರ ‘ಇಲ್ಲ’ ಎನ್ನುತ್ತಾಳೆ. ಯಾರೂ ನಂಬುವುದಿಲ್ಲ. ಅವಳು ಪಾಳಿ ಹಚ್ಚಿ, ಬೈಸಿಕೊಂಡು, ಅಳತೆಯಲ್ಲಿ ನೀರು ಕೊಟ್ಟು, ಎಲ್ಲರನ್ನೂ ಜೀವಂತವಾಗಿ ಆ ಗ್ರಹಕ್ಕೆ ಮುಟ್ಟಿಸಿ, ಕೊನೆಗೆ ತಾನು ಇಳಿಯುತ್ತಾಳೆ.

ಹಿಮ ಬಿದ್ದು 401 ಹೆದ್ದಾರಿಯಲ್ಲಿ ಕಾರುಗಳು ತೆವಳುವಾಗ, ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಅಳುತ್ತಿದ್ದ ಇಂಚರಾಗೆ ನಾನು ಈ ಕಥೆ ಹೇಳುತ್ತಿದ್ದೆ. ಅವಳಿಗೆ ನಾನು ಕಲಿಸಲು ಹೋದ ಕನ್ನಡದ ಸಂಗತಿಗಳಲ್ಲಿ ಯಾವುದೂ ಅಂಟಲಿಲ್ಲ. ಅಕ್ಷರಮಾಲೆ ‘ಋ’ಗೆ ಬಂದು ನಿಂತಿತು. ಹಾಡಿನ ಕ್ಲಾಸು ಎರಡು ವಾರ. ನೀಲವ್ವ ಮಾತ್ರ, ನಾನು ಏನೂ ಮಾಡದೆ, ತಾನೇ ಅಂಟಿಕೊಂಡಳು.

ಈಗ ಆ ಧಾರಾವಾಹಿ ಪುಸ್ತಕವಾದ ವಿಷಯ. ನಮ್ಮ ಮನೆಯಿದ್ದ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಆರು ಮನೆಗೆ ಒಂದು ವಾರಪತ್ರಿಕೆ. ಸೋಮವಾರ ಮಾಸ್ತರರ ಮನೆಯಿಂದ ಹೊರಟರೆ ಶನಿವಾರ ನಮ್ಮ ಮನೆ ತಲುಪುತ್ತಿತ್ತು. ಕೊನೆಯ ಮನೆಯವರು ಅದನ್ನು ಇಟ್ಟುಕೊಳ್ಳಬಹುದು ಎಂಬುದು ಓಣಿಯ ಕರಾರು. ಅವ್ವ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಟ್ರಂಕಿನಲ್ಲಿಟ್ಟು, ಮುಗಿದ ಮೇಲೆ ದಬ್ಬಣ ಹಿಡಿದು ಹೊಲಿಯುತ್ತಿದ್ದಳು. ಮೈದಾ ಕುದಿಸಿ ಅಂಟು. ಹುಳ ಹಿಡಿಯಬಾರದೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ. ರಟ್ಟಿಗೆ ಹಳೆಯ ಕ್ಯಾಲೆಂಡರು. ಆ ಅಂಟನ್ನು ನೆಕ್ಕಿದರೆ ಸಾಯುತ್ತೀ ಎಂದು ಹೆದರಿಸಿದ್ದರಿಂದ ನಾನು ಹತ್ತನೇ ಕ್ಲಾಸಿನವರೆಗೂ ಆ ಪುಸ್ತಕಗಳನ್ನು ಓದಿ ಕೈ ತೊಳೆಯುತ್ತಿದ್ದೆ. ಈಗಲೂ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ.

ಅವುಗಳಲ್ಲಿ ಒಂದು ನನ್ನ ಜೊತೆ ಕೆನಡಾಕ್ಕೆ ಬಂದಿತ್ತು. ಮೊದಲ ಕಂತು ಮಾಸ್ತರರ ಮನೆಯಲ್ಲೇ ಕಳೆದುಹೋಗಿ ಕಥೆಗೆ ಹೆಸರಿರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ರಟ್ಟಿನ ಮೇಲೆ ಅವ್ವ ತಾನೇ ಬರೆದಿದ್ದಳು: ‘ಧಾರಾವಾಹಿ ೪, ಆಕಾಶದ್ದು’.

ಸ್ಪರ್ಧೆಯ ನಿಯಮ ಹೀಗಿತ್ತು. ವೇಷ ನಿಮ್ಮ ಸ್ವಂತ ಕಲ್ಪನೆಯದಾದರೆ ಒಂದು ವಿಭಾಗ. ಪುಸ್ತಕದಲ್ಲೋ ಸಿನಿಮಾದಲ್ಲೋ ಇರುವ ಪಾತ್ರವಾದರೆ ಇನ್ನೊಂದು, ಅದಕ್ಕೆ ಆಧಾರ ತೋರಿಸಬೇಕು. ಇಂಚರಾ ಎರಡನೆಯದಕ್ಕೆ ಹೆಸರು ಕೊಟ್ಟು, ಬುಧವಾರ ರಾತ್ರಿ ಊಟ ಮಾಡುತ್ತ, “ಅಮ್ಮ, ಆ ಅಜ್ಜಿ ಬುಕ್ ಬೇಕು. ಬೇಸ್‌ಮೆಂಟಲ್ಲಿದೆ ಅಲ್ವಾ? ಜಡ್ಜಸ್ ವಾಂಟ್ ಟು ಸೀ ದ ಪೇಜ್” ಎಂದಳು.

ಗುರುವಾರ ಮಧ್ಯಾಹ್ನ ಬೇಸ್‌ಮೆಂಟಿನ ಸೂಟ್‌ಕೇಸಿನಿಂದ ಪುಸ್ತಕ ತೆಗೆದು, ಮನೆ ಬಿಸಿಮಾಡುವ ಫರ್ನೇಸಿನ ಪಕ್ಕ ಸ್ಟೂಲು ಹಾಕಿಕೊಂಡು ಪೂರ್ತಿ ಓದಿದೆ. ಮೂವತ್ತು ವರ್ಷದ ಮೇಲೆ ಓದುತ್ತಿದ್ದೆ. ನೌಕೆ ಇತ್ತು. ದೂರದ ಗ್ರಹ ಇತ್ತು. ಐದು ಮಂದಿ ವಿಜ್ಞಾನಿಗಳಿದ್ದರು, ಐವರೂ ಗಂಡಸರು, ಜೊತೆಗೊಂದು ನಾಯಿ. ನೀಲವ್ವ ಇರಲಿಲ್ಲ. ನೀರಿನ ಟ್ಯಾಂಕೂ ಇರಲಿಲ್ಲ. ಆ ನೌಕೆಯಲ್ಲಿ ಗುಂಡಿ ಒತ್ತಿದರೆ ಗಾಳಿಯಿಂದ ನೀರು ಬರುತ್ತಿತ್ತು, ಐವರೂ ದಿನಾ ಸ್ನಾನ ಮಾಡುತ್ತಿದ್ದರು. ಪ್ರಳಯದಂಥ ಒಂದು ಸನ್ನಿವೇಶದಲ್ಲಿ ‘ಮುಂದುವರಿಯುವುದು’ ಎಂದು ಬರೆದು ಪುಸ್ತಕ ಮುಗಿದಿತ್ತು. ಕೊನೆಯ ಕಂತು ಇರಲೇ ಇಲ್ಲ.

ಮತ್ತೊಮ್ಮೆ ಮೊದಲಿಂದ ತಿರುವಿದೆ. ಹಾಳೆ ಅಂಟಿಕೊಂಡಿರಬಹುದೆಂದು ಅಂಚುಗಳನ್ನು ಉಗುರಿನಿಂದ ಬಿಡಿಸಿ ನೋಡಿದೆ. ಆಮೇಲೆ ಕೈ ತೊಳೆದೆ.

ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಗೆ, ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣಾ, ಅವ್ವ ಕಟ್ಟಿದ ಆಕಾಶದ ಪುಸ್ತಕದಾಗ ನೀಲವ್ವ ಇದ್ಲಲ್ಲಾ?”

“ಯಾವ ನೀಲವ್ವ?”

“ನೀರು ಕಾಯಾಕಿ. ಅವ್ವ ನಮಗ ಓದಿ ಹೇಳತಿದ್ಲಲ್ಲ.”

“ಅವ್ವ ಎಲ್ಲಿ ಓದತಿದ್ಲವಾ, ಎಂಟಕ್ಕ ಗೊರಕಿ ಹೊಡೀತಿದ್ಲು. ಆ ಕಥಿ ನೀನ ಹೇಳತಿದ್ದಿ. ನನಗ ಮಂಗನಬಾವು ಆಗಿ ಗಲ್ಲ ಊದಿತ್ತಲಾ, ಆವಾಗ. ಬ್ಯಾಡ ಅಂದ್ರೂ ಬಿಡತಿದ್ದಿಲ್ಲ. ನಗಿಸಿ ನಗಿಸಿ ಗಲ್ಲ ನೋಯಿಸಿದ್ದಿ.”

“ನಾನು ಹೇಳತಿದ್ನಾ?”

“ಮತ್ತ ಯಾರು, ನಾಯಿ ಹೇಳತಿತ್ತೇನು?”

ನನ್ನ ಕಣ್ಣ ಮುಂದೆ ಅವ್ವ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿಟ್ಟು ಓದುವುದು ಸ್ಪಷ್ಟವಾಗಿ ಕಾಣುತ್ತದೆ. ಸ್ಪಷ್ಟವಾಗಿ ಕಾಣುವುದೆಲ್ಲ ನಡೆದಿರಬೇಕೆಂದಿಲ್ಲ ಎಂದು ನಾನೇ ಡೈರಿಯಲ್ಲಿ ಎಷ್ಟು ಸಲ ಬರೆದುಕೊಂಡಿಲ್ಲ. ಆದರೂ ಅಂದು ಆ ಮಾತು ಬೇರೆಯವರ ಬಗ್ಗೆ ಬರೆದಂತೆ ಕಂಡಿತು.

ಮೈಸೂರಿನವರಾದ ನನ್ನ ಗಂಡ ಎಲ್ಲವನ್ನೂ ಸಮಾಧಾನವಾಗಿ ಕೇಳಿ, ಟೋಸ್ಟಿಗೆ ಬೆಣ್ಣೆ ಸವರುತ್ತ, “ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಅಲ್ಲಿ ಕನ್ನಡ ಓದೋರು ಯಾರಿದಾರೆ? ಯಾವ್ದಾದ್ರೂ ಒಂದು ಪೇಜ್ ತೆಗೆದು ಇದೇ ಅನ್ನು” ಎಂದರು.

ಅದೇ ನನ್ನನ್ನು ಹೆದರಿಸಿದ್ದು. ನಿಜಕ್ಕೂ ಯಾರಿಗೂ ತಿಳಿಯುತ್ತಿರಲಿಲ್ಲ. ತೀರ್ಪುಗಾರರಿಗೆ ಕನ್ನಡ ಬಾರದು. ಇಂಚರಾಗೂ ಓದಲು ಬಾರದು. ಆ ಹೋಟೆಲಿನ ಸಾವಿರ ಜನರಲ್ಲಿ ಆ ಪುಟವನ್ನು ಓದಬಲ್ಲವಳು ನಾನೊಬ್ಬಳೇ. ನಿಜ ಹೇಳಿದರೆ ಮಗಳು ಏಳು ತಿಂಗಳು ಹೊಲಿದದ್ದು ಸ್ಪರ್ಧೆಯಿಂದ ಹೊರಬೀಳಬಹುದು. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನಿಂದ ನಂಬಿ ತೆಗೆದುಕೊಂಡಿದ್ದ ಒಂದೇ ಒಂದು ವಸ್ತು ಪೊಳ್ಳೆಂದು ಆಗುತ್ತದೆ. ಸುಳ್ಳು ಹೇಳಿದರೆ ಏನೂ ಆಗುವುದಿಲ್ಲ.

ಹಾಗಾಗಿ ಶುಕ್ರವಾರವಿಡೀ ನಾನು ಆ ಪುಸ್ತಕವನ್ನು ಹೆಗಲ ಚೀಲದಲ್ಲಿಟ್ಟು, ಕಳ್ಳಸಾಗಣೆಯವಳಂತೆ ಹೋಟೆಲಿನ ಕಾರಿಡಾರುಗಳಲ್ಲಿ ತಿರುಗಿದೆ. ಎಲ್ಲ ಕಡೆ ಚರ್ಚಾಗೋಷ್ಠಿಗಳು. ಒಂದು ಕೋಣೆಯಲ್ಲಿ, ಬೇರೆ ಗ್ರಹದಲ್ಲಿ ಮದುವೆಯಾದವರಿಗೆ ಯಾವ ಕಾನೂನು ಎಂದು ವಾದ ನಡೆದಿತ್ತು. ಬಿಟ್ಟಿ ಸೂಪು ಮತ್ತು ಬಿಸ್ಕತ್ತು ಕೊಡುವ ಕೋಣೆ ಹತ್ತನೇ ಮಹಡಿಯಲ್ಲಿತ್ತು. ನಾನು ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆ, ಸಮ್ಮೇಳನ ಎಂದ ಮೇಲೆ ಊಟದ ಗದ್ದಲ ಇದ್ದೇ ಇರುತ್ತದೆಂದು. ಅದನ್ನು ಮೂಲೆಯಲ್ಲಿ ತಿನ್ನುತ್ತಿದ್ದಾಗ ಮಂಗಳನ ಗುಮಾಸ್ತ ಮತ್ತೆ ಸಿಕ್ಕು, “ಎಲ್ಲ ಸರಿಯಾಗಿದೆಯಾ ಬಸಪ್ಪ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಸರಿಯಾಗಿದೆ ಎಂದೆ. ಅಪ್ಪನ ಹೆಸರಿನಲ್ಲಿ ಹೇಳಿದ ಮೊದಲ ಸುಳ್ಳು. ಆ ಎರಡು ದಿನದಲ್ಲಿ ಇಂಚರಾಗೆ ಹೇಳಲು ಕನಿಷ್ಠ ನಾಲ್ಕು ಸಲ ಬಾಯಿ ತೆರೆದಿದ್ದೇನೆ. ನಾಲ್ಕು ಸಲವೂ ಪಾರ್ಕಿಂಗಿನ ಬಗ್ಗೆ ಏನೋ ಕೇಳಿ ಮುಚ್ಚಿದ್ದೇನೆ.

ಶನಿವಾರ ಮಧ್ಯಾಹ್ನ ವೇಷ ಪರೀಕ್ಷೆ. ವೇದಿಕೆಗೆ ಹೋಗುವ ಮುನ್ನ ಒಬ್ಬೊಬ್ಬರನ್ನೇ ಹತ್ತಿರದಿಂದ ನೋಡುತ್ತಾರೆ. ಸಾಲಿನಲ್ಲಿ ನಮ್ಮ ಮುಂದೆ ಎಂಟು ಕಾಲಿನ ಒಬ್ಬ ಮಹಾಶಯ, ಅವನ ಆರು ಕಾಲನ್ನು ಅವನ ಹೆಂಡತಿ ಹಿಡಿದುಕೊಂಡಿದ್ದಳು. ಇಂಚರಾ ಬೂದುಬಣ್ಣದ ಉಡುಪು ಹಾಕಿ, ಸೊಂಟಕ್ಕೆ ಅಳತೆಯ ಲೋಟಗಳನ್ನು ಕಟ್ಟಿ, ಬೆನ್ನಿಗೆ ತಗಡಿನ ಟ್ಯಾಂಕು ಹೊತ್ತಿದ್ದಳು. ಬೆನ್ನ ಮೇಲಿನದು ಕಾಣದ್ದರಿಂದ ಕೈ ಹಿಂದೆ ಚಾಚಿ, ಬಳೆಯಿಂದ ಅದಕ್ಕೆ ಎರಡು ಸಲ ಬಡಿದು ನೋಡಿದಳು.

ಟಣ್, ಟಣ್. ಅರ್ಧ ತುಂಬಿದ ಸದ್ದು.

ಆ ಸದ್ದು ನನಗೆ ಗೊತ್ತಿತ್ತು. ಹಳೇ ಹುಬ್ಬಳ್ಳಿಯಲ್ಲಿ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ಹಿತ್ತಲಲ್ಲಿ ಮೂರು ಬ್ಯಾರಲ್ಲು. ಅವ್ವ ದಿನಾ ಸಂಜೆ ಮುಚ್ಚಳ ತೆಗೆಯದೆ, ಬಳೆಯ ಕೈಯಿಂದ ಒಂದೊಂದಕ್ಕೂ ಬಡಿದು, “ನಾಲ್ಕು ದಿನ ಆಗತದ, ಯಾರೂ ತಲಿ ತೊಳಕೋಬ್ಯಾಡ್ರಿ” ಎನ್ನುತ್ತಿದ್ದಳು. ಅಪ್ಪ ನಂಬದೆ ಕೋಲು ಇಳಿಸಿ ಅಳೆಯುತ್ತಿದ್ದರು. ಗಾಳಿಯಿಂದ ನೀರು ತೆಗೆಯುವ ಆ ಲೇಖಕನಿಗೆ ನೀಲವ್ವ ಹೊಳೆಯುವುದು ಸಾಧ್ಯವೇ ಇರಲಿಲ್ಲ. ನೀಲವ್ವ ನಮ್ಮ ಹಿತ್ತಲಿನವಳು. ಇಷ್ಟು ವರ್ಷ ಕಥೆ ಹೇಳುತ್ತ ಬಂದರೂ ಅದು ನನಗೆ ಕಂಡಿರಲಿಲ್ಲ.

ಮೇಜಿನ ಹಿಂದೆ ಬಿಳಿ ಕೂದಲಿನ ಒಬ್ಬ ಹೆಂಗಸು ಕೂತಿದ್ದರು. ಮುಖ್ಯ ತೀರ್ಪುಗಾರ್ತಿ. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಲಿಗೆ, ಲೋಟ, ಟ್ಯಾಂಕು ಎಲ್ಲ ನೋಡಿ ತಲೆದೂಗಿ, “ಪುಸ್ತಕ ತಂದಿದ್ದೀರಾ?” ಎಂದರು. ಚೀಲದಿಂದ ತೆಗೆದು ಕೊಟ್ಟೆ. ಪುಟ ಯಾವುದೆಂದು ಕೇಳುತ್ತಾರೆಂದು ಬೆರಳನ್ನು ಸಿದ್ಧವಾಗಿಟ್ಟಿದ್ದೆ. ಹೌದು, ಅಷ್ಟು ಹೊತ್ತಿಗೆ ಒಂದು ಪುಟವನ್ನು ಗೊತ್ತುಮಾಡಿಕೊಂಡಿದ್ದೆ, ನಾಯಿ ಸ್ನಾನ ಮಾಡುವ ಪುಟ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವರು ಪುಟ ಕೇಳಲಿಲ್ಲ. ಪುಸ್ತಕವನ್ನು ಮಗುವಿನಂತೆ ಬೋರಲು ಮಲಗಿಸಿ, ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಇದನ್ನು ಕೈಯಲ್ಲೇ ಹೊಲಿದಿದ್ದಾರೆ. ಯಾರು?”

“ನನ್ನ ತಾಯಿ.”

“ಎಷ್ಟು ಸಮನಾದ ಹೊಲಿಗೆ. ಒಂದು ಕಡೆಯೂ ಹಾಳೆ ಹರಿದಿಲ್ಲ. ಅವರಿಗೆ ಈ ನೀರಿನ ಹೆಂಗಸು ಇಷ್ಟವಿದ್ದಿರಬೇಕು. ಎಲ್ಲಿದ್ದಾಳೆ ಅವಳು?”

ಬೆರಳು ನಾಯಿಯ ಪುಟಕ್ಕೆ ಹೋಗಲಿಲ್ಲ. “ಇದರಲ್ಲಿ ಇಲ್ಲ” ಎಂದೆ.

ಇಂಚರಾ ನನ್ನ ಕಡೆ ತಿರುಗಿದಳು. ಲೋಟಗಳು ಗಿಲಕ್ಕೆಂದವು. “ವಾಟ್ ಡು ಯು ಮೀನ್, ಇದರಲ್ಲಿ ಇಲ್ಲ?”

“ನಾನು ಓದಿದೆ, ಪುಟ್ಟಿ. ನೀಲವ್ವ ಪುಸ್ತಕದಲ್ಲಿ ಇಲ್ಲ. ಕೊನೇ ಕಂತೂ ಇಲ್ಲ. ಅಜ್ಜಿ ಕಟ್ಟಿದ ಕಥೆನೋ, ನಾನು ಕಟ್ಟಿದ್ದೋ ನನಗೇ ಗೊತ್ತಿಲ್ಲ. ನಾನೇ ಹೇಳ್ತಿದ್ದೆ ಅಂತಾನೆ ಮಾಮಾ.”

“ಯಾವಾಗ ಓದ್ದೆ?”

“ಗುರುವಾರ.”

“ಥರ್ಸ್‌ಡೇ? ಅಮ್ಮ, ಟುಡೇ ಈಸ್ ಸ್ಯಾಟರ್ಡೇ. ಎರಡು ದಿನ ಪಾರ್ಕಿಂಗ್ ಪಾರ್ಕಿಂಗ್ ಅಂತಿದ್ದೆಯಲ್ಲ, ಅದು ಇದಾ?”

ಹೌದೆಂದು ತಲೆಯಾಡಿಸಿದೆ. ಅವಳು ಸೊಂಟದ ಲೋಟಗಳನ್ನು ನೇರಮಾಡಿಕೊಂಡಳು. ಬಣ್ಣ ಬಳಿದ ಮುಖದಲ್ಲಿ ಸಿಟ್ಟೋ ಅಳುವೋ ನನಗೆ ತಿಳಿಯಲಿಲ್ಲ.

“ಕಥೆ ಬುಕ್ಕಲ್ಲಿ ಇಲ್ಲ ಅಂತ ಐ ಸಾರ್ಟ್ ಆಫ್ ನ್ಯೂ” ಎಂದಳು ಆಮೇಲೆ. “ಒಂದು ಸಲ ನೀಲವ್ವ ಕೊನೇಲಿ ಇಳೀತಾಳೆ. ಒಂದು ಸಲ ಶಿಪ್ಪಲ್ಲೇ ಉಳೀತಾಳೆ. ಒಂದು ಸಲ, ಆ ಪಿಕರಿಂಗ್ ಟ್ರಾಫಿಕ್ಕಲ್ಲಿ, ಅವಳಿಗೆ ಪೆನ್ಶನ್ ಬರುತ್ತೆ. ಅಮ್ಮ, ವಿಚ್ ಬುಕ್ ಹ್ಯಾಸ್ ತ್ರೀ ಎಂಡಿಂಗ್ಸ್? ಅದು ಓಕೆ. ಬಟ್ ಯು ಶುಡ್ ಹ್ಯಾವ್ ಟೋಲ್ಡ್ ಮೀ ಆನ್ ಥರ್ಸ್‌ಡೇ. ನಾನು ಕ್ಯಾಟಗರಿ ಬದಲಾಯಿಸ್ತಿದ್ದೆ.”

ವಿಭಾಗ ಬದಲಿಸುವ ಗಡುವು ಶುಕ್ರವಾರ ಸಂಜೆಗೇ ಮುಗಿದಿತ್ತು. ಬಿಳಿ ಕೂದಲಿನವರು ಪಕ್ಕದವರ ಜೊತೆ ಪಿಸುಮಾತಾಡಿ ಬಂದು, ಬೇಸರದಿಂದಲೇ ಹೇಳಿದರು: ವೇದಿಕೆಗೆ ಬರಬಹುದು, ಆದರೆ ಸ್ಪರ್ಧೆಯ ಹೊರಗೆ, ಪ್ರದರ್ಶನಕ್ಕೆ ಮಾತ್ರ. ಏಳು ತಿಂಗಳಿನ ಹೊಲಿಗೆಗೆ ಅಂಕವಿಲ್ಲ. ಒಂದು ಹೊಸ ಫಾರಂ ಮುಂದಿಟ್ಟರು. ಅದರಲ್ಲಿ ‘ಪಾತ್ರವನ್ನು ಕಲ್ಪಿಸಿದವರು’ ಎಂಬ ಖಾನೆ.

ನಾನು ಅಭ್ಯಾಸಬಲದಿಂದ ಪಾಸ್‌ಪೋರ್ಟಿಗಾಗಿ ಚೀಲಕ್ಕೆ ಕೈ ಹಾಕಿದೆ. ಇಂಚರಾ ಪೆನ್ನು ಕಿತ್ತುಕೊಂಡಳು. “ಅಜ್ಜಿ ಹೆಸರೇನು? ಫುಲ್ ನೇಮ್.”

“ಗೌರವ್ವ. ಆದರೆ ಖಾತ್ರಿ ಇಲ್ಲ, ಪುಟ್ಟಿ. ಮಾಮಾ ಹೇಳೋ ಪ್ರಕಾರ...”

“ಬ್ಯಾರಲ್ ಯಾರ್ದು?”

ಬ್ಯಾರಲ್ಲಿನ ವಿಷಯ ಅವಳಿಗೆ ಯಾವಾಗ ಹೇಳಿದ್ದೆನೋ. ಕಥೆಗೆ ಮೊದಲೋ ನಂತರವೋ, ಯಾವುದೋ ಟ್ರಾಫಿಕ್ಕಿನಲ್ಲಿ ಹೇಳಿರಬೇಕು.

“ಅವ್ವಂದು” ಎಂದೆ. ಅವಳು ಬರೆದಳು.

ಸಂಜೆ ದೊಡ್ಡ ಹಾಲಿನಲ್ಲಿ ನಾನು ಹೊರಗೆ ಹೋಗುವ ಬಾಗಿಲಿನ ಹತ್ತಿರದ ಕುರ್ಚಿ ಹಿಡಿದು ಕೂತೆ. ಬಹುಮಾನಕ್ಕೆ ನಿಂತವರೆಲ್ಲ ಮುಗಿದ ಮೇಲೆ ಪ್ರದರ್ಶನದವರ ಸರದಿ. ಇಂಚರಾ ನನ್ನೊಂದಿಗೆ ಆಮೇಲೆ ಮಾತಾಡಿರಲಿಲ್ಲ. ಬೆಳಕಿನ ನಡುವೆ ಬಂದು ನಿಂತು, ಕೈ ಹಿಂದೆ ಚಾಚಿ, ಟ್ಯಾಂಕಿಗೆ ಎರಡು ಸಲ ಬಡಿದು, ತಲೆ ವಾಲಿಸಿ ಕೇಳಿದಳು. ಆಮೇಲೆ ಸಭಿಕರನ್ನೊಮ್ಮೆ ಎಣಿಸುವವಳಂತೆ ನೋಡಿ, ನಾಲ್ಕು ಬೆರಳು ಎತ್ತಿ ತೋರಿಸಿದಳು. ನಾಲ್ಕು ದಿನ ಆಗತದ. ಹಾಲಿನಲ್ಲಿ ಆ ನಾಲ್ಕರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಮೈಕಿನವನು ಓದಿದ: “ನೀಲವ್ವ, ನೀರು ಕಾಯುವವಳು. ಕಲ್ಪನೆ: ಗೋರಾವಾ ಹೋಸ್ಮನಿ, ಹುಬ್ಲಿ, ಇಂಡಿಯಾ.” ಅವ್ವನ ಹೆಸರು ರೇಶನ್ ಕಾರ್ಡು ಬಿಟ್ಟರೆ ಎಲ್ಲಿಯೂ ಅಚ್ಚಾದದ್ದನ್ನು ನಾನು ಕಂಡಿರಲಿಲ್ಲ, ಮೈಕಿನಲ್ಲಂತೂ ಕೇಳಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ತಟ್ಟಿದಷ್ಟೇ.

ಮನೆಗೆ ಬರುವಾಗ ಇಂಚರಾ ಹಿಂದಿನ ಸೀಟಿನಲ್ಲಿ ಟ್ಯಾಂಕನ್ನು ಅಪ್ಪಿಕೊಂಡು ಕೂತಿದ್ದಳು. ಪಿಕರಿಂಗ್ ಊರು ದಾಟಿದ ಮೇಲೆ, “ನೆಕ್ಸ್ಟ್ ಇಯರ್ ಒರಿಜಿನಲ್ ಕ್ಯಾಟಗರಿ” ಎಂದಳು. ನನಗೆ ಹೇಳಿದ್ದೋ ಟ್ಯಾಂಕಿಗೋ ತಿಳಿಯಲಿಲ್ಲ. ನಾನು ಹ್ಞೂಂ ಎಂದೆ.

ಭಾನುವಾರ ಬೆಳಿಗ್ಗೆ ಅಣ್ಣನಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ.

“ಅವ್ವನ ಹೆಸರು ಮೈಕಿನ್ಯಾಗ ಕೂಗಿದ್ರಾ?” ಎಂದ. ಅವನ ಕಡೆಯಿಂದ ಆಟೋ ಹೋಗುವ ಸದ್ದು ಬಂತು. ಆಮೇಲೆ, “ಖರೇ ಹೇಳಬೇಕಂದ್ರ ಅವ್ವನ ಹೇಳತಿದ್ಲ ನೋಡು ಆ ಕಥಿ. ಈಗ ನೆನಪಾತು. ಪುಸ್ತಕ ತೊಡಿಮ್ಯಾಲ ಇಟ್ಕೊಂಡು, ಬೆರಳಿಟ್ಟು.”

“ಮೊನ್ನೆ ನಾನ ಹೇಳಿದ್ದು ಅಂದಿಯಲ್ಲೋ ಅಣ್ಣಾ. ಮಂಗನಬಾವು ಅಂದಿ.”

“ಮಂಗನಬಾವಿನ್ಯಾಗ ಯಾರಿಗೆ ನೆಟ್ಟಗ ಕೇಳಸ್ತದವಾ?” ಎಂದ.

ಅಣ್ಣ ಎರಡು ಸಲ ಹೇಳಿದ್ದನ್ನೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಯಾವುದಕ್ಕೂ ಗೀಟು ಹಾಕಿಲ್ಲ. ಆ ಮಧ್ಯಾಹ್ನ ಇಂಚರಾಳ ಹೊಲಿಗೆ ಡಬ್ಬಿಯಿಂದ ದಪ್ಪ ಸೂಜಿ ತೆಗೆದು, ಅವಳು ತುಂಬಿದ ಫಾರಂನ ನಕಲನ್ನು ಪುಸ್ತಕದ ಕೊನೆಗೆ, ‘ಮುಂದುವರಿಯುವುದು’ ಇರುವ ಹಾಳೆಯ ನಂತರ ಇಟ್ಟು ಹೊಲಿದೆ. ನನ್ನ ಹೊಲಿಗೆ ಸೊಟ್ಟ. ಮೈದಾ ಕುದಿಸಿ ಅಂಟನ್ನೂ ಹಚ್ಚಿದೆ. ಮೈಲುತುತ್ತ ಇಲ್ಲಿ ಎಲ್ಲಿ ಸಿಗುತ್ತದೋ ಗೊತ್ತಿಲ್ಲ, ಹಾಕಿಲ್ಲ. ಆದರೂ ಮುಗಿಸಿ ಎದ್ದವಳು ಸಿಂಕಿಗೆ ಹೋಗಿ ಕೈ ತೊಳೆದುಕೊಂಡೆ.